ಒಂದೇ ಫೈಲು, ಇಬ್ಬರು ಮನೆಮಕ್ಕಳು

ಹುಬ್ಬಳ್ಳಿಯ ದುರ್ಗದ ಬೈಲಿನ ಹಿಂದೆ ಒಂದು ಗಲ್ಲಿಯಲ್ಲಿ ನನ್ನ ಗೆಳೆಯನ ಫ್ಲೆಕ್ಸ್ ಅಂಗಡಿ ಇದೆ. 2023ರ ವಿಧಾನಸಭೆ ಚುನಾವಣೆ ಹೊತ್ತಿನಲ್ಲಿ ಒಂದು ಸಂಜೆ ಸುಮ್ನೆ ಚಹಾಕ್ಕೆಂದು ಹೋಗಿದ್ದೆ. ಅವನು ಕಂಪ್ಯೂಟರ್ ಮುಂದೆ ಕೂತು ಒಬ್ಬ ಅಭ್ಯರ್ಥಿಯ ಫ್ಲೆಕ್ಸ್ ಮಾಡುತ್ತಿದ್ದ. ದೊಡ್ಡ ಮುಖ, ಮುಗಿದ ಕೈ, ಹಿಂದೆ ಹಸಿರು ಹೊಲ. ಮೇಲೆ ‘ನಿಮ್ಮ ಮನೆಮಗನನ್ನು ಆಶೀರ್ವದಿಸಿ’. ಅದು ಮುಗಿದ ಮೇಲೆ ಅದೇ ಫೈಲನ್ನು ಬೇರೆ ಹೆಸರಿನಲ್ಲಿ ಸೇವ್ ಮಾಡಿದ. ಒಂದು ಮುಖ ತೆಗೆದು ಇನ್ನೊಂದು ಮುಖ ಕೂರಿಸಿದ. ಚಿಹ್ನೆ ಬದಲಾಯಿತು, ಅಂಚಿನ ಬಣ್ಣ ಬದಲಾಯಿತು, ಕೆಳಗೆ ‘ಶುಭ ಕೋರುವವರು’ ಅಂತ ಇರುವ ದುಂಡು ಫೋಟೋಗಳ ಸಾಲೂ ಬದಲಾಯಿತು. ಹೊಲ ಮಾತ್ರ ಹಾಗೇ ಇತ್ತು. ಮನೆಮಗನೂ ಹಾಗೇ ಇದ್ದ.

“ಲೇ, ಇವ್ರಿಬ್ರೂ ಒಬ್ಬರಿಗೊಬ್ರು ಎದುರಾ ನಿಂತಾರಲ್ಲೋ” ಅಂದೆ.

“ಹೂಂ, ಅದಕ್ಕ ಒಂದ ಹೊಲದಾಗ ನಿಂದ್ರಿಸೇನಿ” ಅಂದ. ನಕ್ಕು ಮುಗಿದ ಮೇಲೆ ಮತ್ತೊಂದು ಮಾತು ಹೇಳಿದ: “ಫ್ಲೆಕ್ಸ್ ಯಾರೂ ಓದಂಗಿಲ್ಲ. ಗಾಡಿ ಮ್ಯಾಲೆ ಹೋಗಾವ್ರು ಮೂರು ಸೆಕೆಂಡ್ ನೋಡ್ತಾರ. ಅಷ್ಟರಾಗ ‘ಇಂವ ನಮ್ಮಾಂವ’ ಅನಿಸಬೇಕು. ವಿಚಾರ ಮಾಡಾಕ ನಿಂತ್ರ ಕೆಟ್ಟಿತು.”

ಪ್ರಚಾರ ಹೇಗೆ ಕೆಲಸ ಮಾಡುತ್ತದೆ ಅನ್ನುವುದರ ಬಗ್ಗೆ ದಪ್ಪ ದಪ್ಪ ಪುಸ್ತಕಗಳಿವೆ. ಅವುಗಳ ಅರ್ಧ ಸಾರ ಅವನ ಆ ನಾಲ್ಕು ಮಾತಿನಲ್ಲಿತ್ತು. ಉಳಿದರ್ಧ ಏನು ಅನ್ನುವುದಕ್ಕೆ ಸ್ವಲ್ಪ ದೂರ ಹೋಗಿ ಬರಬೇಕು.

ಕನ್ನಡದಲ್ಲಿ ‘ಪ್ರಚಾರ’ ಕೆಟ್ಟ ಶಬ್ದವಲ್ಲ. ಚುನಾವಣಾ ಪ್ರಚಾರ ಇದೆ, ಧಾರವಾಡದಲ್ಲಿ ಹಿಂದಿ ಪ್ರಚಾರ ಸಭೆಯೂ ಇದೆ. ಕೆಟ್ಟದ್ದು ಅನ್ನಬೇಕಾದರೆ ಮುಂದೊಂದು ‘ಅಪ’ ಹಚ್ಚುತ್ತೇವೆ. ಇಂಗ್ಲಿಷಿನ ‘ಪ್ರೊಪಗ್ಯಾಂಡಾ’ ಕೂಡ ಹುಟ್ಟಿದಾಗ ಮರ್ಯಾದಸ್ಥ ಶಬ್ದವೇ. 1622ರಲ್ಲಿ ಪೋಪ್ 15ನೇ ಗ್ರೆಗೊರಿ ಅವರು ಕ್ರೈಸ್ತ ಧರ್ಮ ಹರಡಲು ರೋಮಿನಲ್ಲಿ ಒಂದು ಮಂಡಳಿ ಕಟ್ಟಿದರು. ಅದರ ಲ್ಯಾಟಿನ್ ಹೆಸರಿನಿಂದ ಈ ಶಬ್ದ ಬಂತು. ಇನ್ನೂ ಹಿಂದೆ ಹೋದರೆ ಅದು ತೋಟಗಾರರ ಮಾತು. ಗಿಡದ ತುಂಡು ನೆಟ್ಟು, ಟೊಂಗೆ ನೆಲಕ್ಕೆ ಬಗ್ಗಿಸಿ ಬೇರು ಬಿಡಿಸಿ, ಒಂದಿದ್ದದ್ದನ್ನು ಹತ್ತು ಮಾಡುವ ಕೆಲಸಕ್ಕೆ ಆ ಹೆಸರು.

ಧಾರವಾಡದ ಮಾವಿನ ತೋಟದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಒಳ್ಳೆಯ ಆಪೂಸ್ ಬೇಕೆಂದರೆ ಯಾರೂ ಗೊರಟೆ ಊರಿ ಕಾಯುವುದಿಲ್ಲ. ನಾಟಿ ಮಾವಿನ ಸಸಿಗೆ ಆಪೂಸಿನ ಕಡ್ಡಿ ಕಸಿ ಕಟ್ಟುತ್ತಾರೆ. ಬೇರು ನಾಟಿಯದು, ಹಣ್ಣು ಆಪೂಸಿನದು. ಪ್ರಚಾರವೂ ಹಾಗೇ. ನಿಮ್ಮ ತಲೆಯಲ್ಲಿ ಹೊಸ ನಂಬಿಕೆ ಬಿತ್ತಿ, ನೀರು ಹಾಕಿ, ಅದು ಮೊಳೆಯಲಿ ಎಂದು ಕಾಯುವಷ್ಟು ಪುರುಸೊತ್ತು ಯಾರಿಗಿದೆ? ಆಳಕ್ಕೆ ಇಳಿದ ಬೇರು ನಿಮ್ಮಲ್ಲಿ ಮೊದಲೇ ಇರುತ್ತದೆ. ಮಗನ ಮೇಲಿನ ಅಕ್ಕರೆ, ಊರಿನ ಅಭಿಮಾನ, ಮಕ್ಕಳಿಗೇನಾದರೂ ಆದೀತೆಂಬ ಹೆದರಿಕೆ. ಅದಕ್ಕೆ ತಮ್ಮ ಕಡ್ಡಿ ತಂದು ಕಟ್ಟಿದರೆ ಆಯಿತು. ಒಂದು ವ್ಯತ್ಯಾಸ ಇದೆ. ತೋಟದವನು ಕಟ್ಟಿದ ಗಂಟು ಎಷ್ಟೋ ವರ್ಷ ಕಾಂಡದ ಮೇಲೆ ಎದ್ದು ಕಾಣುತ್ತದೆ. ಪ್ರಚಾರದವನು ಅದನ್ನು ಮುಚ್ಚಿಡುತ್ತಾನೆ.

ಈ ಶಬ್ದ ಹೆಸರು ಕೆಡಿಸಿಕೊಂಡದ್ದು ಮೊದಲ ಮಹಾಯುದ್ಧದಲ್ಲಿ. 1914ರಲ್ಲಿ ಬ್ರಿಟಿಷ್ ಸರ್ಕಾರ ಲಂಡನ್ನಿನ ವೆಲ್ಲಿಂಗ್ಟನ್ ಹೌಸ್ ಎಂಬ ಕಟ್ಟಡದಲ್ಲಿ ಗುಟ್ಟಾಗಿ ಒಂದು ಪ್ರಚಾರ ಕಚೇರಿ ತೆರೆಯಿತು. ಚಾರ್ಲ್ಸ್ ಮಾಸ್ಟರ್‌ಮನ್ ಅದರ ಮುಖ್ಯಸ್ಥ. ಕಚೇರಿ ಸಾಕಷ್ಟು ಪುಸ್ತಕ, ಕರಪತ್ರ ಹೊರಡಿಸಿತು. ಆದರೆ ಪುಸ್ತಕದ ಮೇಲೆ ಸರ್ಕಾರದ ಹೆಸರು ಇರುತ್ತಿರಲಿಲ್ಲ, ಖಾಸಗಿ ಪ್ರಕಾಶಕರ ಹೆಸರಿರುತ್ತಿತ್ತು. ಓದುವವನಿಗೆ ಇದು ಯಾರೋ ಲೇಖಕರ ಸ್ವಂತ ಮಾತು ಅನಿಸಬೇಕು ಅಷ್ಟೇ.

ಜರ್ಮನ್ ಸೈನ್ಯ ಬೆಲ್ಜಿಯಂಗೆ ನುಗ್ಗಿ ಸಾವಿರಾರು ನಾಗರಿಕರನ್ನು ಕೊಂದದ್ದು ನಿಜ. ಆ ನಿಜವೇ ಇಲ್ಲಿ ನಾಟಿ ಬೇರು. 1917ರ ಏಪ್ರಿಲ್‌ನಲ್ಲಿ ಅದಕ್ಕೆ ಒಂದು ಭಯಂಕರ ಕಡ್ಡಿ ಕಟ್ಟಿದರು. ಜರ್ಮನ್ನರು ತಮ್ಮದೇ ಸೈನಿಕರ ಹೆಣಗಳನ್ನು ಕಾರ್ಖಾನೆಯಲ್ಲಿ ಕುದಿಸಿ ಕೊಬ್ಬು ತೆಗೆಯುತ್ತಾರೆ ಅನ್ನುವ ಸುದ್ದಿ ಬ್ರಿಟನ್ನಿನ ಪತ್ರಿಕೆಗಳಲ್ಲಿ ಬಂತು. ಆಧಾರ ಏನು? ಒಂದು ಜರ್ಮನ್ ಪತ್ರಿಕೆಯ ವರದಿ. ಅದರಲ್ಲಿ ‘ಕಡಾವರ್’ ಎಂಬ ಶಬ್ದ ಇತ್ತು. ಜರ್ಮನ್ ಭಾಷೆಯಲ್ಲಿ ಹಾಗೆಂದರೆ ಸಾಮಾನ್ಯವಾಗಿ ಸತ್ತ ಪ್ರಾಣಿ. ಇಂಗ್ಲಿಷಿನಲ್ಲಿ ಹೆಚ್ಚುಕಡಿಮೆ ಅದೇ ಶಬ್ದಕ್ಕೆ ಮನುಷ್ಯರ ಹೆಣ ಅನ್ನುವ ಅರ್ಥ. ಯುದ್ಧದಲ್ಲಿ ಸತ್ತ ಕುದುರೆಗಳು ಹೀಗೆ ಅನುವಾದದ ದಾರಿಯಲ್ಲಿ ಸೈನಿಕರಾದವು. ಜನ ನಂಬಿದರು. ಬೆಲ್ಜಿಯಂನಲ್ಲಿ ಅಷ್ಟು ಮಾಡಿದವರು ಇಷ್ಟು ಮಾಡಲಾರರೇ, ಅಲ್ವಾ?

1925ರಲ್ಲಿ ಬ್ರಿಟನ್ನಿನ ವಿದೇಶಾಂಗ ಮಂತ್ರಿ ಆಸ್ಟಿನ್ ಚೇಂಬರ್ಲಿನ್ ಸಂಸತ್ತಿನಲ್ಲಿ ನಿಂತು, ಆ ಸುದ್ದಿಗೆ ಬುಡವೇ ಇರಲಿಲ್ಲವೆಂಬ ಜರ್ಮನಿಯ ಮಾತನ್ನು ಒಪ್ಪಿಕೊಂಡರು. ಇಲ್ಲಿಗೆ ಮುಗಿದಿದ್ದರೆ ಇದು ತಮಾಷೆಯ ಕಥೆಯಾಗಿ ಉಳಿಯುತ್ತಿತ್ತು. ಆದರೆ ಎರಡನೇ ಮಹಾಯುದ್ಧದಲ್ಲಿ ನಾಜಿಗಳು ಯಹೂದಿಗಳನ್ನು ವಿಷಾನಿಲದಿಂದ ಕೊಲ್ಲುತ್ತಿದ್ದಾರೆ ಅನ್ನುವ ನಿಜವಾದ ವರದಿಗಳು ಬಂದಾಗ, ಇದೂ ಹಳೆಯ ಹೆಣದ ಕಾರ್ಖಾನೆಯಂಥ ಸುದ್ದಿಯೇ ಇರಬೇಕು ಎಂದು ತಳ್ಳಿಹಾಕಿದವರಿದ್ದರು. ಸುಳ್ಳನ್ನು ನಂಬಿಸಿದ್ದಕ್ಕಿಂತ, ಮುಂದೆ ನಿಜವನ್ನೂ ನಂಬದ ಹಾಗೆ ಮಾಡಿದ್ದು ದೊಡ್ಡ ಪಾಪ ಅಂತ ನನಗನಿಸುತ್ತದೆ.

ಇಂಥದ್ದೇ ಇನ್ನೊಂದು ಕಥೆ ನಮ್ಮ ಕಾಲದ್ದು. 1990ರ ಆಗಸ್ಟ್‌ನಲ್ಲಿ ಇರಾಕ್ ಕುವೈತಿನೊಳಗೆ ನುಗ್ಗಿತು. ಅಕ್ಟೋಬರ್‌ನಲ್ಲಿ 15 ವರ್ಷದ ಹುಡುಗಿಯೊಬ್ಬಳು ವಾಷಿಂಗ್ಟನ್ನಿನಲ್ಲಿ ಸಂಸದರ ಮುಂದೆ ಕೂತು ಕಣ್ಣೀರು ಹಾಕಿದಳು. ಇರಾಕಿ ಸೈನಿಕರು ಆಸ್ಪತ್ರೆಗೆ ಬಂದು, ಇನ್‌ಕ್ಯುಬೇಟರ್‌ಗಳಿಂದ ಕೂಸುಗಳನ್ನು ತೆಗೆದು ತಣ್ಣನೆಯ ನೆಲದ ಮೇಲೆ ಸಾಯಲು ಬಿಟ್ಟರು ಅಂದಳು. ಅವಳ ಮೊದಲ ಹೆಸರು ಮಾತ್ರ ಹೊರಗೆ ಬಂತು. ಅಧ್ಯಕ್ಷ ಬುಷ್ ಆ ಕಥೆಯನ್ನು ಮತ್ತೆ ಮತ್ತೆ ಹೇಳಿದರು. ಮುಂದಿನ ಜನವರಿಯಲ್ಲಿ ಯುದ್ಧ ಶುರುವಾಯಿತು. ಇನ್ನೂ ಒಂದು ವರ್ಷದ ಮೇಲೆ, 1992ರಲ್ಲಿ, ಆ ಹುಡುಗಿ ಅಮೆರಿಕದಲ್ಲಿದ್ದ ಕುವೈತ್ ರಾಯಭಾರಿಯ ಮಗಳು ಅನ್ನುವುದು ಬಯಲಾಯಿತು. ಅವಳ ಸಾಕ್ಷಿಯ ಹಿಂದೆ ಹಿಲ್ ಆ್ಯಂಡ್ ನೋಲ್ಟನ್ ಎಂಬ ಪ್ರಚಾರ ಕಂಪನಿ ಇತ್ತು. ಕಂಪನಿಗೆ ದುಡ್ಡು ಬಂದದ್ದು ಕುವೈತ್ ಕಡೆಯಿಂದ. ಕೂಸುಗಳ ಕಥೆಗೆ ಆಧಾರ ಸಿಗಲಿಲ್ಲ. ಇಲ್ಲೂ ಬೇರು ನಿಜದ್ದೇ: ಇರಾಕ್ ದಾಳಿ ಮಾಡಿತ್ತು, ಜನ ಸತ್ತಿದ್ದರು. ಮುಚ್ಚಿಟ್ಟದ್ದು ಗಂಟು ಮಾತ್ರ. ‘ಈಕೆ ರಾಯಭಾರಿಯ ಮಗಳು’ ಎಂದು ಮೊದಲೇ ಹೇಳಿದ್ದರೆ ಕೇಳುವವರು ಕಿವಿ ನಿಮಿರಿಸಿ ಕೇಳುತ್ತಿದ್ದರು, ಎರಡು ಪ್ರಶ್ನೆ ಕೇಳುತ್ತಿದ್ದರು.

ಯುದ್ಧದ ಪ್ರಚಾರದಲ್ಲಿ ಎಲ್ಲಕ್ಕಿಂತ ಕೆಟ್ಟ ಕಸಿ ಎದುರಿನವನನ್ನು ಮನುಷ್ಯನ ಲೆಕ್ಕದಿಂದ ತೆಗೆಯುವುದು. 1993ರಲ್ಲಿ ರುವಾಂಡಾದಲ್ಲಿ ಒಂದು ಖಾಸಗಿ ರೇಡಿಯೋ ಶುರುವಾಯಿತು. ಒಳ್ಳೆಯ ಹಾಡು, ಹರಟೆ, ತಮಾಷೆ. ಜನಕ್ಕೆ ಅದು ಹಿಡಿಸಿತು. ಅದೇ ಸಲುಗೆಯ ದನಿಯಲ್ಲಿ ಅಲ್ಲಿನ ಅಲ್ಪಸಂಖ್ಯಾತ ಟುಟ್ಸಿ ಜನಾಂಗದವರನ್ನು ‘ಜಿರಳೆ’ ಎಂದು ಕರೆಯುತ್ತಾ ಹೋದರು. 1994ರ ಏಪ್ರಿಲ್‌ನಿಂದ ನೂರು ದಿನಗಳಲ್ಲಿ ಸುಮಾರು 8 ಲಕ್ಷ ಜನರ ಕೊಲೆಯಾಯಿತು. 2003ರಲ್ಲಿ ಅಂತಾರಾಷ್ಟ್ರೀಯ ನ್ಯಾಯಮಂಡಳಿ ಆ ರೇಡಿಯೋ ನಡೆಸಿದವರಿಗೆ ಶಿಕ್ಷೆ ಕೊಟ್ಟಿತು. ರೇಡಿಯೋ ಎಂದರೆ ಮನೆಯ ದನಿ. 1950ರಿಂದ ಧಾರವಾಡ ಆಕಾಶವಾಣಿ ಕೇಳಿ ಬೆಳೆದ ನಮ್ಮ ಮಂದಿಗೆ ಅದು ಗೊತ್ತು. ಅಡಿಗೆಮನೆಯ ತನಕ ಬಂದ ದನಿಯ ಮೇಲೆ ಅನುಮಾನ ಪಡುವುದು ಸುಲಭವಲ್ಲ.

ಇನ್ನು ಒಂದೇ ಮಾತನ್ನು ಮತ್ತೆ ಮತ್ತೆ ಹೇಳುವ ವಿಚಾರ. ಚುನಾವಣೆ ಬಂದರೆ ಓಣಿಯಲ್ಲಿ ದಿನಕ್ಕೆ ಹತ್ತು ಸಲ ಮೈಕಿನ ಆಟೋ ಸುತ್ತುತ್ತದೆ. ಕಿರಿಕಿರಿ ಅನ್ನುತ್ತೇವೆ. ಕಿರಿಕಿರಿಯಾದರೂ ಅದು ಕೆಲಸ ಮಾಡುತ್ತದೆ. 1977ರಲ್ಲಿ ಅಮೆರಿಕದಲ್ಲಿ ಮೂವರು ಮನೋವಿಜ್ಞಾನಿಗಳು ಕಾಲೇಜು ವಿದ್ಯಾರ್ಥಿಗಳಿಗೆ ಕೆಲವು ವಾಕ್ಯ ಕೇಳಿಸಿದರು. ಕೆಲವು ನಿಜ, ಕೆಲವು ಸುಳ್ಳು. ಎರಡೆರಡು ವಾರ ಬಿಟ್ಟು ಮೂರು ಸಲ ಹೀಗೆ ಮಾಡಿದರು. ಪ್ರತಿ ಸಲವೂ ಮರಳಿ ಬಂದ ವಾಕ್ಯಗಳು ಅವರಿಗೆ ಜಾಸ್ತಿ ಜಾಸ್ತಿ ನಿಜ ಅನಿಸುತ್ತಾ ಹೋದವು, ಸುಳ್ಳಾಗಿದ್ದರೂ ಸಹ. ನಮ್ಮ ಮಿದುಳು ಸೋಮಾರಿ. ಪರಿಚಯದ ಮಾತು ಒಳಗೆ ಸಲೀಸಾಗಿ ಇಳಿಯುತ್ತದೆ. ಸಲೀಸಾಗಿ ಇಳಿದದ್ದನ್ನು ನಾವು ನಿಜ ಅಂದುಕೊಳ್ಳುತ್ತೇವೆ. ‘ಸುಳ್ಳನ್ನು ನೂರು ಸಲ ಹೇಳಿದರೆ ನಿಜವಾಗುತ್ತದೆ’ ಎಂದು ಹಿಟ್ಲರನ ಪ್ರಚಾರ ಮಂತ್ರಿ ಗೋಬೆಲ್ಸ್ ಹೇಳಿದ್ದ ಎಂದು ನೀವೂ ಕೇಳಿರುತ್ತೀರಿ. ಅವನು ಹಾಗೆ ಹೇಳಿದ್ದಕ್ಕೆ ದಾಖಲೆ ಇಲ್ಲ. ನೂರು ಸಲ ಕೇಳಿ ಕೇಳಿ ಅದೂ ನಿಜವಾಗಿದೆ, ನೋಡಿ!

ಅರ್ಥ ಖಾಲಿ ಬಿಟ್ಟ ಮಾತಿನದು ಇನ್ನೊಂದು ಶಕ್ತಿ. ರಾಣೆಬೆನ್ನೂರು ತಾಲ್ಲೂಕಿನ ದೇವರಗುಡ್ಡದ ಕಾರಣಿಕಕ್ಕೆ ನಾನು ಒಮ್ಮೆ ಹೋಗಿದ್ದೆ. ನವರಾತ್ರಿಯ ಕೊನೆ, ಕಾಲಿಡಲು ಜಾಗವಿಲ್ಲ. ಗೊರವಯ್ಯ ದೊಡ್ಡ ಬಿಲ್ಲನ್ನೇರಿದರು. ‘ಸದ್ದಲೇ’ ಎಂಬ ಒಂದು ಕೂಗಿಗೆ ಅಷ್ಟು ಜನವೂ ಉಸಿರು ಬಿಗಿ ಹಿಡಿದರು. ಒಂದು ಸಾಲಿನ ದೇವವಾಣಿ, ಕೊನೆಗೆ ‘ಪರಾಕ್’. ಗೊರವಯ್ಯ ಕೆಳಕ್ಕೆ ಬಿದ್ದರು, ಜನ ಹಿಡಿದುಕೊಂಡರು. ಆಮೇಲೆ ಶುರುವಾಯಿತು ನಿಜವಾದ ಕೆಲಸ. ವಾಪಸ್ ಬರುವ ಬಸ್ಸಿನಲ್ಲಿ ರೈತರೊಬ್ಬರು ಅದರಲ್ಲಿ ಮಳೆ ಕಂಡರು. ಅವರ ಪಕ್ಕದವರು ಸರ್ಕಾರ ಬೀಳುವುದನ್ನು ಕಂಡರು. ಹಿಂದಿನ ಸೀಟಿನ ಮೆಣಸಿನಕಾಯಿ ವ್ಯಾಪಾರಿಗೆ ಬ್ಯಾಡಗಿ ಮಾರುಕಟ್ಟೆಯ ರೇಟು ಕಂಡಿತು.

ಕಾರಣಿಕ ನಂಬಿಕೆಯ ವಿಚಾರ, ಅದನ್ನು ನಾನು ಪ್ರಚಾರ ಅನ್ನುತ್ತಿಲ್ಲ. ಕೇಳುವವರು ತಮ್ಮ ಅರ್ಥವನ್ನು ತಾವೇ ತುಂಬಿಕೊಳ್ಳುವ ರೀತಿಯನ್ನು ಮಾತ್ರ ನೋಡಿ. ‘ಅಭಿವೃದ್ಧಿ’, ‘ಬದಲಾವಣೆ’, ‘ಸ್ವಾಭಿಮಾನ’ ಅನ್ನುವ ಮಾತುಗಳೂ ಹೀಗೇ ಇರುತ್ತವೆ. ರಸ್ತೆ ಬೇಕಾದವನಿಗೆ ಅಭಿವೃದ್ಧಿ ಅಂದರೆ ರಸ್ತೆ, ಕೆಲಸ ಇಲ್ಲದವನಿಗೆ ಕೆಲಸ. ಹೇಳಿದವನು ಯಾವುದನ್ನೂ ಕೊಡುತ್ತೇನೆ ಎಂದಿಲ್ಲ. 1948ರಲ್ಲಿ ಬರ್ಟ್ರಮ್ ಫೋರರ್ ಎಂಬ ಮನೋವಿಜ್ಞಾನಿ 39 ವಿದ್ಯಾರ್ಥಿಗಳಿಗೆ ಒಂದು ಪರೀಕ್ಷೆ ಕೊಟ್ಟ. ಒಂದು ವಾರದ ನಂತರ ಒಬ್ಬೊಬ್ಬರಿಗೂ ‘ನಿನ್ನ ಸ್ವಭಾವದ ವಿವರ’ ಎಂದು ಒಂದೊಂದು ಹಾಳೆ ಹಂಚಿದ. ಎಷ್ಟು ಸರಿಯಾಗಿದೆ ಎಂದು 5ಕ್ಕೆ ಅಂಕ ಹಾಕಿ ಅಂದ. ಸರಾಸರಿ 4.26 ಬಂತು. ಎಲ್ಲರ ಕೈಯಲ್ಲೂ ಇದ್ದದ್ದು ಒಂದೇ ಬರಹ, ಅದರಲ್ಲಿ ಹೆಚ್ಚಿನದನ್ನು ಜ್ಯೋತಿಷ್ಯದ ಪುಸ್ತಕವೊಂದರಿಂದ ಎತ್ತಿದ್ದ. ನನ್ನ ಗೆಳೆಯನ ಮನೆಮಗನ ಹಾಗೆ.

ಜಾಹೀರಾತಿನ ಮಾತಿಗೆ ಬಂದರೆ, ಎಡ್ವರ್ಡ್ ಬರ್ನೇಸ್‌ನನ್ನು ಬಿಟ್ಟು ಮುಂದೆ ಹೋಗುವಂತಿಲ್ಲ. ಮನಶ್ಶಾಸ್ತ್ರಜ್ಞ ಫ್ರಾಯ್ಡ್‌ನ ಅಕ್ಕತಂಗಿಯರ ಪೈಕಿ ಒಬ್ಬಳ ಮಗ. ಮೊದಲ ಮಹಾಯುದ್ಧದಲ್ಲಿ ಅಮೆರಿಕ ಸರ್ಕಾರದ ಪ್ರಚಾರ ಸಮಿತಿಯಲ್ಲಿ ಕೆಲಸ ಮಾಡಿದ್ದ. ಯುದ್ಧದಲ್ಲಿ ನಡೆದದ್ದು ಶಾಂತಿ ಕಾಲದಲ್ಲೂ ನಡೆದೀತು ಎಂದು ಅವನಿಗೆ ಹೊಳೆಯಿತು. ಪ್ರೊಪಗ್ಯಾಂಡಾ ಅನ್ನುವ ಹೆಸರು ಹಳಸಿತ್ತು, ಅದಕ್ಕೇ ಈ ಉದ್ಯೋಗಕ್ಕೆ ‘ಪಬ್ಲಿಕ್ ರಿಲೇಷನ್ಸ್’ ಎಂಬ ಹೊಸ ಅಂಗಿ ತೊಡಿಸಿದ. ಅಮೆರಿಕನ್ ಟೊಬ್ಯಾಕೊ ಕಂಪನಿಗೆ ಹೆಂಗಸರೂ ಸಿಗರೇಟ್ ಸೇದಬೇಕಿತ್ತು. ಬೀದಿಯಲ್ಲಿ ಹೆಂಗಸರು ಸೇದುವುದನ್ನು ಆಗ ಅಲ್ಲಿಯೂ ಜನ ಒಪ್ಪುತ್ತಿರಲಿಲ್ಲ. ಬರ್ನೇಸ್ ಸಿಗರೇಟಿನ ರುಚಿಯ ಮಾತೇ ಆಡಲಿಲ್ಲ. 1929ರ ಈಸ್ಟರ್ ಹಬ್ಬದ ದಿನ ನ್ಯೂಯಾರ್ಕಿನ ಫಿಫ್ತ್ ಅವೆನ್ಯೂದಲ್ಲಿ ಕೆಲವು ಯುವತಿಯರು ಸಿಗರೇಟ್ ಹಚ್ಚಿ ನಡೆಯುವ ಹಾಗೆ ಮಾಡಿದ. ಪತ್ರಿಕೆಯವರಿಗೆ ಮೊದಲೇ ಸುಳಿವು ಕೊಟ್ಟಿದ್ದ. ಆ ಸಿಗರೇಟುಗಳಿಗೆ ‘ಸ್ವಾತಂತ್ರ್ಯದ ಪಂಜುಗಳು’ ಎಂದು ಹೆಸರು. ಮರುದಿನ ಅದು ಜಾಹೀರಾತಾಗಿ ಅಲ್ಲ, ಸುದ್ದಿಯಾಗಿ ಅಚ್ಚಾಯಿತು. ಸಮಾನತೆ ಬೇಕೆಂಬ ಹಂಬಲ ನಿಜದ್ದು. ಅದಕ್ಕೆ ತಂಬಾಕಿನ ಕಡ್ಡಿ ಕಟ್ಟಿದವರು ಯಾರು ಅನ್ನುವುದು ಮಾತ್ರ ಸುದ್ದಿಯಲ್ಲಿ ಇರಲಿಲ್ಲ.

ನಮ್ಮಲ್ಲೂ ಇದೆ. ಹುಬ್ಬಳ್ಳಿಯ ಬೆಂಗೇರಿಯ ಖಾದಿ ಕೇಂದ್ರದಲ್ಲಿ ರಾಷ್ಟ್ರಧ್ವಜ ತಯಾರಾಗುತ್ತದೆ. ಅಲ್ಲಿ ಅಳತೆಯಾಗಲಿ ಬಣ್ಣವಾಗಲಿ ಒಂದು ಚೂರು ಆಚೀಚೆ ಆಗುವಂತಿಲ್ಲ. ಆಗಸ್ಟ್ ಬಂತೆಂದರೆ ಅದೇ ಮೂರು ಬಣ್ಣ ಫ್ರಿಡ್ಜಿನ ರಿಯಾಯಿತಿ ಜಾಹೀರಾತಿನ ಮೇಲೆ ಹರಿದಾಡುತ್ತವೆ. ಫ್ರಿಡ್ಜಿಗೂ ಸ್ವಾತಂತ್ರ್ಯಕ್ಕೂ ಏನು ಸಂಬಂಧ? ಧ್ವಜ ಕಂಡಾಗ ಎದೆಯಲ್ಲಿ ಏಳುವುದೇನಿದೆ, ಅದರಲ್ಲಿ ಸ್ವಲ್ಪ ಫ್ರಿಡ್ಜಿನ ಮೇಲೂ ಬೀಳಲಿ ಅಂತ.

ಗುಂಪಿನ ಸೆಳೆತದ ಬಗ್ಗೆ ಜಾಸ್ತಿ ಹೇಳುವುದು ಬೇಡ. ಧಾರವಾಡದ ಲೈನ್ ಬಜಾರಿನಲ್ಲಿ ಪೇಡೆಗೆ ಜನ ಪಾಳಿ ಹಚ್ಚಿದ್ದನ್ನು ನೋಡಿದ ಪರಊರಿನವರು, ಏನಿದೆ ಎಂದು ಕೇಳುವ ಮೊದಲೇ ಹಿಂದೆ ನಿಂತಿರುತ್ತಾರೆ. ಪೇಡೆಯ ವಿಷಯದಲ್ಲಿ ಅವರಿಗೆ ಮೋಸವಾಗುವುದಿಲ್ಲ, ಅದು ಬೇರೆ ಮಾತು. ಬಾಡಿಗೆಯ ಲಾರಿಯಲ್ಲಿ ತುಂಬಿ ತಂದ ಜನರಿಂದ ‘ಭಾರೀ ಜನಸಾಗರ’ ಮಾಡುವವರು ನೆಚ್ಚಿಕೊಂಡದ್ದು ಇದೇ ಗುಣವನ್ನು. ಮಿರ್ಚಿ ಅಂಗಡಿಯಲ್ಲಿ ನಿಂತು ಗಿರ್ಮಿಟ್ ತಿನ್ನುವ ಅಭ್ಯರ್ಥಿಯ ಫೋಟೋ ಗೊತ್ತಲ್ಲ, ಅದರದ್ದೂ ಇದೇ ಹೊಟ್ಟೆಪಾಡು. ಅಂದಹಾಗೆ, ಪ್ಲೇಟಿನ ಗಿರ್ಮಿಟ್ ಖಾಲಿಯಾಗುವವರೆಗೆ ನಿಂತವರನ್ನು ನಾನು ಕಂಡಿಲ್ಲ.

ಇಷ್ಟೆಲ್ಲ ಗೊತ್ತಿದ್ದವನು ಮೋಸ ಹೋಗುವುದಿಲ್ಲ ಎಂದು ತಿಳಿಯಬೇಡಿ. 2018ರ ಬೇಸಿಗೆಯಲ್ಲಿ ಮಕ್ಕಳ ಕಳ್ಳರ ವಿಡಿಯೋ ಎಲ್ಲರ ವಾಟ್ಸಾಪಿಗೂ ಬಂತು. ಬೈಕಿನ ಮೇಲೆ ಇಬ್ಬರು ಬರುತ್ತಾರೆ, ಗಲ್ಲಿಯಲ್ಲಿ ಆಡುತ್ತಿದ್ದ ಮಗುವನ್ನು ಎತ್ತಿಕೊಂಡು ಹೋಗುತ್ತಾರೆ. ನಾನೂ ಅದನ್ನು ನಮ್ಮ ಮನೆಯ ಗ್ರೂಪಿಗೆ ಕಳಿಸಿದೆ. ಮಕ್ಕಳ ವಿಷಯ, ಇರಲಿ ಎಂದು. ಆ ಹೊತ್ತಿಗೇ ಧಾರವಾಡದ ನಮ್ಮ ಓಣಿಗೆ ಕೌದಿ ಹೊಲಿಯುವ ಇಬ್ಬರು ಹೆಂಗಸರು ಬಂದರು. ಮಳೆಗಾಲದ ಮುಂಚೆ ಪ್ರತಿ ವರ್ಷ ಬರುವವರೇ. ನಮ್ಮ ಮನೆಯ ಕೌದಿಗಳಲ್ಲಿ ಮೂರು ಅವರ ಕೈಯದು. ಅಕ್ಕ ಅವರನ್ನು ಕಂಡವಳೇ ಮಕ್ಕಳನ್ನು ಒಳಗೆಳೆದುಕೊಂಡು ಬಾಗಿಲು ಹಾಕಿದಳು. ಎದುರು ಮನೆಯವರೂ ಹಾಕಿದರು. “ಯಕ್ಕಾ, ಕೌದಿ ಹೊಲಸೋದೈತೇನ್ರಿ” ಎಂದು ಎರಡು ಸಲ ಕೂಗಿದ್ದು ನನಗೆ ಒಳಗೆ ಕೇಳಿಸಿತು. ಪ್ರತಿ ಸಲ ಕಟ್ಟೆಯ ಮೇಲೆ ಕೂರಿಸಿ ನೀರು, ಚಹಾ ಕೊಡುತ್ತಿದ್ದ ಮನೆ. ಆ ದಿನ ಯಾರೂ ನೀರೂ ಕೊಡಲಿಲ್ಲ.

ಆ ವಿಡಿಯೋ ನಮ್ಮ ದೇಶದ್ದೇ ಆಗಿರಲಿಲ್ಲ. ಮಕ್ಕಳ ಬಗ್ಗೆ ಹುಷಾರಾಗಿರಿ ಎಂದು ಹೇಳಲು ಪಾಕಿಸ್ತಾನದ ಕರಾಚಿಯಲ್ಲಿ ಮಾಡಿದ ಜಾಗೃತಿ ಚಿತ್ರ ಅದು. ಕೊನೆಯಲ್ಲಿ ಬೈಕಿನವರು ಮರಳಿ ಬಂದು ಮಗುವನ್ನು ಇಳಿಸಿ, ಬರಹದ ಫಲಕ ತೋರಿಸುತ್ತಾರೆ. ಯಾರೋ ಆ ಕೊನೆಯನ್ನು ಕತ್ತರಿಸಿದ್ದರು. ಏನನ್ನೂ ಸೇರಿಸಿರಲಿಲ್ಲ, ಕೆಲವೇ ಸೆಕೆಂಡು ತೆಗೆದಿದ್ದರು. ಆ ವರ್ಷ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ, ಮಕ್ಕಳಿಗೆ ಚಾಕೊಲೇಟ್ ಕೊಟ್ಟದ್ದಕ್ಕೆ ಕಳ್ಳರೆಂದು ತಿಳಿದು, ಹೈದರಾಬಾದಿನ ಒಬ್ಬ ಎಂಜಿನಿಯರ್‌ನನ್ನು ಗುಂಪು ಹೊಡೆದು ಕೊಂದಿತು. ಅದೇ ತಿಂಗಳು ವಾಟ್ಸಾಪ್ ಭಾರತದಲ್ಲಿ ಒಂದು ಸಲಕ್ಕೆ ಐವರಿಗಿಂತ ಹೆಚ್ಚು ಜನರಿಗೆ, ಗ್ರೂಪುಗಳಿಗೆ ಫಾರ್ವರ್ಡ್ ಮಾಡದಂತೆ ಮಿತಿ ತರುತ್ತೇವೆ ಎಂದಿತು. ಕೌದಿಯವರು ಮರುವರ್ಷ ನಮ್ಮ ಓಣಿಗೆ ಬರಲಿಲ್ಲ.

ನಮ್ಮ ಕಡೆಯವರು ಮಾಡಿದ ಪ್ರಚಾರ ನಮಗೆ ಪ್ರಚಾರದ ಹಾಗೆ ಕಾಣುವುದಿಲ್ಲ, ತೊಡಕು ಇರುವುದು ಅಲ್ಲೇ. 1937ರಲ್ಲಿ ನ್ಯೂಯಾರ್ಕಿನಲ್ಲಿ ಪ್ರಚಾರದ ತಂತ್ರಗಳನ್ನು ಜನಕ್ಕೆ ಬಿಡಿಸಿ ತೋರಿಸಲೆಂದೇ ಒಂದು ಸಂಸ್ಥೆ ಹುಟ್ಟಿತು. ಏಳು ತಂತ್ರಗಳ ಪಟ್ಟಿ ಮಾಡಿ ಶಾಲೆ ಶಾಲೆಗೆ ಹಂಚಿತು. 1942ರಲ್ಲಿ ಅದು ಬಾಗಿಲು ಹಾಕಿತು. ಅಷ್ಟರಲ್ಲಿ ಅಮೆರಿಕವೇ ಯುದ್ಧಕ್ಕಿಳಿದಿತ್ತು. ಸ್ವಂತ ಸರ್ಕಾರದ ಪ್ರಚಾರವನ್ನು ಬಿಡಿಸಿ ಕೂರುವುದು ಯಾರಿಗೆ ಬೇಕಿತ್ತು?

ನನ್ನದೇ ಹೇಳುತ್ತೇನೆ. ‘ಸಿರಿಗನ್ನಡಂ ಗೆಲ್ಗೆ’ ಅಂದರೆ ನನಗೆ ಈಗಲೂ ಮೈ ಜುಮ್ಮೆನ್ನುತ್ತದೆ. ವಿಚಾರ ಮಾಡಿ ಬಂದ ಜುಮ್ಮು ಅಲ್ಲ ಅದು. 1890ರ ಜುಲೈ 20ರಂದು ಧಾರವಾಡದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ ಕಟ್ಟಿದ ರಾ.ಹ. ದೇಶಪಾಂಡೆಯವರು ಕೊಟ್ಟ ಘೋಷಣೆ. ಚಿಕ್ಕದು, ಲಯವಿದೆ, ನೇರ ಎದೆಗೆ ನಾಟುತ್ತದೆ. ನನ್ನ ಫ್ಲೆಕ್ಸಿನ ಗೆಳೆಯ ಕೂಡ ಪಾಸು ಮಾಡುತ್ತಾನೆ. ಹಾಗಾದರೆ ಇದಕ್ಕೂ ಬರ್ನೇಸನ ಪಂಜಿಗೂ ಏನು ಬೇರೆ? ಎದೆಗೆ ನಾಟುವುದರಲ್ಲಿ ಬೇರೆಯೇನಿಲ್ಲ. ದೇಶಪಾಂಡೆಯವರ ಗಂಟು ಮಾತ್ರ ಎಲ್ಲರಿಗೂ ಕಾಣುತ್ತಿತ್ತು. ಹೇಳುವವರು ಯಾರು, ಅವರಿಗೆ ಬೇಕಾದ್ದೇನು ಅನ್ನುವುದು ಬಹಿರಂಗ. ಒಪ್ಪದವರು ಎದುರು ನಿಂತು ವಾದ ಮಾಡಬಹುದಿತ್ತು. ಏಕೀಕರಣದ ವಾದ 1956ರ ತನಕ ನಡೆದೇ ನಡೆಯಿತು.

ಈ ಗಂಟಿನ ವಿಚಾರ ನಮ್ಮ ಕಾನೂನಿಗೂ ಗೊತ್ತು. 1951ರ ಜನತಾ ಪ್ರಾತಿನಿಧ್ಯ ಕಾಯ್ದೆಯ 127ಎ ಕಲಮು ಹೇಳುವುದು ಇಷ್ಟೇ: ಚುನಾವಣೆಯ ಕರಪತ್ರ, ಪೋಸ್ಟರ್ ಮೇಲೆ ಮುದ್ರಿಸಿದವರ, ಪ್ರಕಟಿಸಿದವರ ಹೆಸರು ವಿಳಾಸ ಇರಲೇಬೇಕು. ಇಲ್ಲದಿದ್ದರೆ ಆರು ತಿಂಗಳವರೆಗೆ ಜೈಲು. ಒಳಗೆ ಬರೆದದ್ದು ನಿಜವೋ ಸುಳ್ಳೋ ಅನ್ನುವುದಕ್ಕೆ ಈ ಕಲಮು ಹೋಗುವುದೇ ಇಲ್ಲ. ಮಾತಾಡುತ್ತಿರುವವರು ಯಾರು ಎಂದಷ್ಟೇ ಕೇಳುತ್ತದೆ. ನಾನು ಮನೆಯ ಗ್ರೂಪಿಗೆ ಕಳಿಸಿದ ವಿಡಿಯೋಗೆ ಅಂಥ ಸಾಲು ಇರಲಿಲ್ಲ. ಇದ್ದ ಹೆಸರು ಒಂದೇ, ನನ್ನದು. ಅಕ್ಕ ನಂಬಿದ್ದೂ ಅದನ್ನೇ.

ಗೆಳೆಯನ ಫ್ಲೆಕ್ಸಿನ ಬುಡದಲ್ಲೂ ಆ ಸಾಲು ಇತ್ತು, ಇರುವೆಯಷ್ಟು ಸಣ್ಣ ಅಕ್ಷರದಲ್ಲಿ. ಅದರ ಮೇಲೆ ದುಂಡು ಫೋಟೋಗಳು. ಅವುಗಳನ್ನು ನೋಡಿ ನಾವು ನಗುತ್ತೇವೆ, ಆದರೆ ದುಡ್ಡು ಹಾಕಿದವರು ಮುಖ ತೋರಿಸಿ ನಿಂತಿರುತ್ತಾರೆ.

ಮತ ಎಣಿಕೆಯ ಹಿಂದಿನ ರಾತ್ರಿ ಮತ್ತೆ ಅವನ ಅಂಗಡಿಗೆ ಹೋಗಿದ್ದೆ. ‘ಅಭಿನಂದನೆಗಳು’ ಎಂಬ ಎರಡು ಫ್ಲೆಕ್ಸ್ ತಯಾರಾಗಿ ಕೂತಿದ್ದವು, ಇಬ್ಬರು ಮನೆಮಕ್ಕಳದ್ದೂ. ಮಧ್ಯಾಹ್ನ ರಿಸಲ್ಟ್ ಬಂದ ಮೇಲೆ ಒಂದನ್ನು ಪ್ರಿಂಟಿಗೆ ಬಿಡುವುದು.

“ಸೋತಾಂವಂದು ವೇಸ್ಟ್ ಆತಲ್ಲೋ?” ಅಂದೆ.

“ಯಾಕ ವೇಸ್ಟ್ ಆಕ್ಕೈತಿ? ಗಣಪತಿ ಹಬ್ಬಕ್ಕ ಶುಭಾಶಯ ಹಾಕಿದ್ರಾತು” ಅಂದ. “ಹೊಲ ಅದ ಇರ್ತೈತಿ.”